ಮುರುಗೆವ್ವನ ಪಾಲಿಗೆ ಬಂದ ಎಲೆ

ಗೋಡೆಗೆ ಪುಟ್ಟಿ ಹಚ್ಚುವ ತಗಡಿನ ಪಟ್ಟಿ, ಬಾಗಿಲ ಚೌಕಟ್ಟಿಗೆ ಅಂಟಿಸಿದ್ದ ಚಿತ್ರದ ಅಂಚಿನೊಳಗೆ ಅರ್ಧ ಇಂಚು ಹೋಗಿತ್ತು. ಇನ್ನರ್ಧ ಇಂಚು ಹೋದರೆ ಚಿತ್ರ ಹರಿಯದೆ ಕಳಚಿ ಬರುತ್ತಿತ್ತು. ಹದಿನೆಂಟು ವರ್ಷ ಗೋವಾದ ಗೋಡೆಗಳನ್ನು ಕೆರೆದು ಬಣ್ಣ ಬಳಿದ ಭೀಮಶಿಗೆ ಅಷ್ಟು ಅಂದಾಜು ಇತ್ತು. ಅಂದಾಜಿಲ್ಲದ ಸಂಗತಿ ಒಂದೇ: ಟ್ಯಾಂಕರಿನ ನೀರು ಹಿಡಿದುಕೊಂಡು ಬಂದ ಯಲ್ಲವ್ವ ಅವನ ಸ್ಟೂಲಿನ ಹಿಂದೆಯೇ ನಿಂತಿದ್ದಳು.

"ಏನ್ ಕೆರ್‍ಯಾಕತ್ತೀಯೋ ಭೀಮಶಿ?"

ಪಟ್ಟಿ ಕೈಯಿಂದ ಜಾರಿ ಅವಳ ಕೊಡದೊಳಗೆ ಬಿತ್ತು.

"ನಿಮ್ಮ ಚೌಕಟ್ಟಿನ ಬಣ್ಣ ಹೋಗೇತಿ ಅಕ್ಕಾ. ಪಕ್ಕದ ಮನ್ಯಾಂವ, ನಾನೇ ನೋಡಲಿಲ್ಲಂದ್ರ ಯಾರು ನೋಡಬೇಕು ಅಂತ..."

"ನನ್ನ ವಾಣ ಕೀಳಾಕತ್ತಿಯಲ್ಲೋ! ನಿನ್ನ ಹೆಂಡತಿ ಅರಿಶಿಣ ಕುಂಕುಮ ಹಚ್ಚಿ ಕೊಟ್ಟದ್ದು ಅದು. ಮುತ್ತೈದಿಗೆ ಹೆಂಡತಿ ಕೊಡೂದು, ಗಂಡ ಬಂದು ಸ್ಟೂಲ ಹಾಕ್ಕೊಂಡು ಕಿತಗೊಂಡು ಹೋಗೂದು! ಎಲ್ಲೆರೆ ಕಂಡೀಯೇನು?"

"ಕಿತಗೊಳ್ಳಾಕಲ್ಲ ಅಕ್ಕಾ. ಬರೇ ನೋಡಾಕ."

"ನೋಡಾಕ ಕಣ್ಣ ಸಾಕು. ಪಟ್ಟಿ ಯಾಕ?"

ಭೀಮಶಿ ಚಿತ್ರವನ್ನೇ ನೋಡಿದ. ಒಬ್ಬ ಮನುಷ್ಯ ಒಂಟಿ ಕಾಲಿನ ಮೇಲೆ ನಿಂತು ಕುಣಿಯುತ್ತಿದ್ದ.

"ಅಕ್ಕಾ, ಇದನ್ನ ಉಲ್ಟಾ ಹಚ್ಚೀರಿ. ಇಂವ ತಲಿಕೆಳಗಾಗಿ ಜೋತಾಡಬೇಕು."

"ಕೊಟ್ಟಾಗ ಹಂಗ ಇತ್ತು! ನೋಡಿದ ಕೂಡಲೇ ನನ್ನ ಎದಿ ಝಲ್ ಅಂತು. ನನ್ನ ಗಂಡ ದಿನಾ ಬಂದರದಾಗ ಹಡಗದ ಮಗ್ಗಲಿಗೆ ಹಗ್ಗ ಕಟಗೊಂಡು ಜೋತಾಡಾಂವ. ಅಂಥವನ ಹೆಂಡತಿ ಕೈಯಾಗ ಇದನ್ನ ಇಡತಾರೇನು? ನೀವು ಉಲ್ಟಾ ಕೊಟ್ಟೀರಿ, ನಾ ಸುಲ್ಟಾ ಮಾಡೇನಿ. ಈಗ ಕುಣಿಯಾಕತ್ತಾನ. ಕುಣೀಲಿ ಬಿಡು."

ಭೀಮಶಿ ಸ್ಟೂಲು ಎತ್ತಿಕೊಂಡು ಹೊರಟ. ಪಟ್ಟಿ ಕೊಡದಲ್ಲೇ ಉಳಿಯಿತು. ಕೇಳುವ ಧೈರ್ಯವಾಗಲಿಲ್ಲ.

ಇಷ್ಟಕ್ಕೆಲ್ಲ ಮೂಲ ಆಸಗಾವಿನ ಒಂದು ಬಂಗಲೆ. ದೀಪಾವಳಿಯ ನಂತರ ಭೀಮಶಿ ಅಲ್ಲಿ ಹನ್ನೊಂದು ದಿನ ಬಣ್ಣ ಬಳಿದ. ಬಂಗಲೆಯ ಮೇಡಂ ದಿನಾ ಬೆಳಿಗ್ಗೆ ಜಗಲಿಯಲ್ಲಿ ಕಾಲು ಮಡಚಿ ಕೂತು, ಅಂಗೈಗಿಂತ ದೊಡ್ಡದಾದ, ಇಸ್ಪೇಟಿನಂಥ ಚಿತ್ರದೆಲೆಗಳ ಕಟ್ಟಿನಿಂದ ಒಂದನ್ನು ಎಳೆದು, ಕಾಫಿ ಆರುವ ತನಕ ಅದನ್ನು ನೋಡಿ, ನೋಟುಬುಕ್ಕಿನಲ್ಲಿ ಏನೋ ಬರೆಯುತ್ತಿದ್ದಳು. ಹನ್ನೊಂದನೆಯ ದಿನ ಭೀಮಶಿ ಏಣಿಯಿಂದಿಳಿದು ಕೇಳಿಯೇಬಿಟ್ಟ. ಇದು ಭವಿಷ್ಯ ಹೇಳುವುದಲ್ಲ ಭೈಯಾ, ಎಂದಳು ಆಕೆ ಹಿಂದಿಯಲ್ಲಿ. ದಿನಕ್ಕೊಂದು ಎಲೆ ತೆಗಿ, ಅದನ್ನು ನೋಡುತ್ತ ನಿನಗೆ ನೀನೇ ಒಂದು ಪ್ರಶ್ನೆ ಕೇಳಿಕೋ. ಆಕೆ ಹೊಸ ಕಟ್ಟು ತರಿಸಿದ್ದಳು. ಹಳೆಯದನ್ನು, ಅದರ ಜೊತೆಗಿದ್ದ ಇಂಗ್ಲಿಷ್ ಪುಸ್ತಿಕೆಯ ಸಮೇತ, ಅವನ ಕೈಗಿಟ್ಟಳು.

ಭೀಮಶಿಗೆ ಆಗ ನಲವತ್ತಾರು ವರ್ಷ. ಅಲ್ಲಿಯವರೆಗೆ ಅವನಿಗೆ ಪ್ರಶ್ನೆ ಕೇಳಿದವರು ಮುಕಾದಮರು, ರೇಷನ್ ಕಚೇರಿಯವರು ಮತ್ತು ಹೆಂಡತಿ ನಂದಾ. ಅವನೇ ಅವನಿಗೆ ಪ್ರಶ್ನೆ ಕೇಳಬಹುದೆಂದು ಯಾರೂ ಹೇಳಿರಲಿಲ್ಲ. ಮರುದಿನದಿಂದಲೇ ವಾಸ್ಕೋ ಬಂದರಿನ ಮೇಲಿನ ಸಡಾದ ಗುಡ್ಡದ ಓಣಿಯಲ್ಲಿ, ತನ್ನ ಮನೆಯ ಮೆಟ್ಟಿಲ ಮೇಲೆ, ಕಾಲು ಮಡಚಿ ಕೂತ.

ಓಣಿಗೆ ಆದ ಮೊದಲ ಆಘಾತ ಅದು. ಭೀಮಶಿ ಬೆಳಿಗ್ಗೆ ಎದ್ದು ಒಬ್ಬನೇ ಇಸ್ಪೇಟು ಆಡುತ್ತಾನೆ ಎಂಬ ಸುದ್ದಿ ನೀರಿನ ಸಾಲಿನಲ್ಲಿ ಹಬ್ಬಿತು. ಒಬ್ಬನೇ ಆಡಿದರೆ ಸೋಲುವುದು ಯಾರಿಗೆ ಎಂಬುದು ಯಾರಿಗೂ ಬಗೆಹರಿಯಲಿಲ್ಲ. ಅದಕ್ಕೇ ಇನ್ನಷ್ಟು ಗಾಬರಿ.

"ಏನ್ ನೋಡಾಕತ್ತೀರಿ?" ಎಂದು ನಂದಾ ಕೇಳಿದ್ದಳು.

"ನನ್ನ ನಾನ ನೋಡಕೊಳ್ಳಾಕತ್ತೇನಿ."

"ಕನ್ನಡಿ ಒಳಗ ಐತಿ," ಎಂದು ಅವಳು ಚಹಾ ಇಟ್ಟು ಹೋಗಿದ್ದಳು.

ಎರಡು ತಿಂಗಳು ಹೀಗೆ ಸುಖವಾಗಿ ಕಳೆದವು. ಭೀಮಶಿ ತನಗೆ ತಾನು ಅರವತ್ತು ಪ್ರಶ್ನೆ ಕೇಳಿಕೊಂಡ. ಒಂದಕ್ಕೂ ಉತ್ತರ ಸಿಗಲಿಲ್ಲವಾದರೂ, ಕೇಳುವವನು ಬೈಯದೆ ಕೇಳುತ್ತಿದ್ದಾನೆ ಎಂಬ ಸಮಾಧಾನವಿತ್ತು. ಆಮೇಲೆ ಸಂಕ್ರಾಂತಿ ಬಂತು.

ಸಂಕ್ರಾಂತಿಯಾದ ಮೇಲೆ ಗೋವಾದ ಹೆಂಗಸರು ಮನೆಮನೆಯಲ್ಲಿ ಅರಿಶಿಣ ಕುಂಕುಮ ಮಾಡುತ್ತಾರೆ. ಬಂದವರಿಗೆ ಎಳ್ಳಿನುಂಡೆಯ ಜೊತೆ ಒಂದು ಸಣ್ಣ ವಸ್ತು ಕೊಟ್ಟು ಕಳಿಸುವುದೇ ವಾಣ. ಹೊಟ್ಟೆಪಾಡಿಗೆಂದು ವಿಜಾಪುರದ ಕಡೆಯಿಂದ ಬಂದವರೂ ಇದನ್ನು ಕಲಿತು, ಕಲಿಸಿದವರಿಗಿಂತ ಜೋರಾಗಿ ಮಾಡತೊಡಗಿದ್ದರು. ಹೋದ ವರ್ಷ ಅದೇ ಓಣಿಯ ಭೀಮಿಬಾಯಿ ಸಾಬೂನಿನ ಡಬ್ಬಿ ಕೊಟ್ಟಳು. ಅವಳನ್ನು ನೋಡಿ ಯಲ್ಲವ್ವನೂ ಸಾಬೂನಿನ ಡಬ್ಬಿ ಕೊಟ್ಟಳು. ಓಣಿಯ ಪ್ರತಿ ಮನೆಯಲ್ಲೂ ಈಗ ಸಾಬೂನಿಗಿಂತ ಡಬ್ಬಿ ಹೆಚ್ಚು.

ಈ ವರ್ಷ ನಂದಾಳ ಮನೆಗೆ ಮುರುಗೆವ್ವ ಬರುವವಳಿದ್ದಳು. ವಾಸ್ಕೋ ಪೇಟೆಯಲ್ಲಿ ಪಾತ್ರೆ ಅಂಗಡಿಯಿರುವ ಧಾರವಾಡ ಕಡೆಯ ನಿಜಲಿಂಗಪ್ಪನವರ ಹೆಂಡತಿ. ಅವಳ ಮಗ ಗುರುಪಾದನಿಗೆ ನಂದಾಳ ಮಗಳು ಜಯಶ್ರೀ ಮೆಚ್ಚಿಗೆಯಾಗಿದ್ದಳು. ಜಯಶ್ರೀಗೆ ಗುರುಪಾದ ಅದಕ್ಕಿಂತ ಮೊದಲೇ ಮೆಚ್ಚಿಗೆಯಾಗಿದ್ದ. ಉಳಿದದ್ದು ಮುರುಗೆವ್ವನ ಒಂದು ಮಾತು. ಮನೆ ನೋಡಿ, ಹೆಂಗಸರನ್ನು ನೋಡಿ, ಮುಂದಿನ ಆದಿತ್ಯವಾರ ಹೇಳುತ್ತೇನೆ ಎಂದಿದ್ದಳು. ಅಂಥವಳ ಕೈಗೆ ಸಾಬೂನಿನ ಡಬ್ಬಿ ಕೊಡುವುದೇ? ನಂದಾ ಸಣ್ಣ ಸ್ಟೀಲಿನ ಬಟ್ಟಲು ತಂದಳು. ಎಳ್ಳಿನುಂಡೆ ಇಟ್ಟಳು. ಏನೋ ಕಡಿಮೆ ಅನ್ನಿಸಿತು. ಕಪಾಟಿನ ಮೇಲೆ ಗಂಡನ ಚಿತ್ರದ ಕಟ್ಟು ಇತ್ತು. ಮೂವತ್ತೊಂದು ಜನ ಬಂದರು. ಮೂವತ್ತೊಂದು ಎಲೆ ಹೋದವು.

ಮರುದಿನ ಮೆಟ್ಟಿಲ ಮೇಲೆ ಕೂತ ಭೀಮಶಿಗೆ ಕಟ್ಟು ಕೈಯಲ್ಲಿ ಹಗುರಾಯಿತು. ಎಣಿಸಿದ. ಎಪ್ಪತ್ತೆಂಟು ಇರಬೇಕಾದಲ್ಲಿ ನಲವತ್ತೇಳು.

"ಅಯ್ಯ, ಅವೇನ್ ನಿಮ್ಮ ಪಿತ್ರಾರ್ಜಿತ ಆಸ್ತಿ ಏನು?" ಎಂದಳು ನಂದಾ. "ಚರ್ಚಿನ ಫೆಸ್ತ ಹಬ್ಬಕ್ಕ ಬಾಜೂ ಮನಿಯವರು ಸಂತರ ಫೋಟೋ ಕೊಡೂದಿಲ್ಲ? ಹಂಗ ಅಂತ ಕೊಟ್ಟೆ. ಮ್ಯಾಲಿನ ನಾಕು ನೋಡಿದೆ. ಕಿರೀಟ ಐತಿ, ರೆಕ್ಕಿ ಐತಿ, ಸಿಂಹ ಐತಿ. ದೇವರಾಗಾಕ ಇನ್ನೇನು ಬೇಕು?"

ಒಳಗಿನಿಂದ ಜಯಶ್ರೀ ಪುಸ್ತಿಕೆ ಹಿಡಿದು ಬಂದಳು. ಬಿ.ಕಾಂ. ಓದಿದ ಹುಡುಗಿ, ಮುಖ ಬಿಳುಚಿತ್ತು.

"ಅವ್ವಾ, ಇದರಾಗ ಸೈತಾನ ಅದಾನ."

"ಯಾರು?"

"ಸೈತಾನ. ಕೋಡು ಅದಾವ. ಬತ್ತಲೆ ಗಂಡ ಹೆಣ್ಣು ಅದಾರ. ಬೆನ್ನಾಗ ಹತ್ತು ಕತ್ತಿ ಚುಚ್ಚಿಸ್ಕೊಂಡು ಬಿದ್ದಾಂವ ಅದಾನ. ಎದಿಯಾಗ ಮೂರು ಕತ್ತಿ... ಅವ್ವಾ, ಮುರುಗೆವ್ವ ಅತ್ತಿಗೆ ಯಾವದು ಕೊಟ್ಟಿ?"

ನಂದಾ ಬಟ್ಟಲುಗಳನ್ನು ನೆನಪಿಸಿಕೊಂಡಳು. ಬಟ್ಟಲಿನ ಮೇಲೆ ಎಲೆಗಳನ್ನು ಬೋರಲಾಗಿ ಇಟ್ಟಿದ್ದಳು, ಹಿಂಬದಿಯ ನೀಲಿ ನಕ್ಷತ್ರ ಚೆಂದ ಎಂದು. ಯಾರಿಗೆ ಯಾವುದು ಹೋಯಿತೆಂದು ಅವಳಿಗೆ ಮಾತ್ರವಲ್ಲ, ಯಾರಿಗೂ ಗೊತ್ತಿರಲಿಲ್ಲ.

ಪರಿಸ್ಥಿತಿ ಹೀಗಿತ್ತು: ಪ್ರತಿ ಎಲೆಯ ಕೆಳಗೆ ಅದರ ಹೆಸರು ಇಂಗ್ಲಿಷಿನಲ್ಲಿದೆ. ಮುರುಗೆವ್ವನಿಗೆ ಇಂಗ್ಲಿಷ್ ಬಾರದು. ಗುರುಪಾದನಿಗೆ ಬರುತ್ತದೆ, ಆದರೆ ಅವನು ಅಂಗಡಿಯ ಮಾಲು ತರಲು ಬೆಳಗಾವಿಗೆ ಹೋಗಿದ್ದಾನೆ. ಬರುವುದು ಆದಿತ್ಯವಾರ. ಅಲ್ಲಿಯವರೆಗೆ ಆ ಎಲೆ ಬರೀ ಚಿತ್ರ.

"ಮುರುಗೆವ್ವನ್ನ ಕೇಳಾಂಗಿಲ್ಲ. ಓಣಿಯವರನ್ನ ಕೇಳಬಹುದು," ಎಂದಳು ಜಯಶ್ರೀ. "ಮೂವತ್ತು ಮನಿ ಎಲಿ ಯಾವ್ಯಾವು ಅಂತ ತಿಳದ್ರ, ನಮ್ಮ ಕಡೆ ಇದ್ದ ನಲವತ್ತೇಳು ಕಳದ್ರ, ಉಳದದ್ದು ಅತ್ತಿ ಕಡೆ ಇದ್ದದ್ದು."

ಭೀಮಶಿಗೆ ಎಲೆಯ ಮೇಲಿನ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದ್ದರಿಂದ ಪ್ರತಿ ಎಲೆಯನ್ನೂ ಮನೆಗೆ ತಂದೇ ತೋರಿಸಬೇಕೆಂದು ತೀರ್ಮಾನಿಸಿ, ತಗಡಿನ ಪಟ್ಟಿ ಮತ್ತು ಸ್ಟೂಲು ತೆಗೆದುಕೊಂಡು ಯಲ್ಲವ್ವನ ಮನೆಗೆ ಹೋಗಿದ್ದ. ಉಳಿದದ್ದು ಆಗಲೇ ಹೇಳಿಯಾಗಿದೆ.

"ಮೊಬೈಲದಾಗ ಫೋಟೋ ಹೊಡಕೊಂಡು ಬಾ ಅಪ್ಪಾ," ಎಂದಳು ಜಯಶ್ರೀ.

ಎರಡು ದಿನ ಬಿಟ್ಟು ಹೋದ ಎರಡನೆಯ ಮನೆ ಅಪ್ಪಾಸಾಬನದು. ಭೀಮಿಬಾಯಿಯ ಗಂಡ, ಬಂದರಿನ ಕೆಲಸದಿಂದ ನಿವೃತ್ತ, ಓಣಿಯ ಗಣೇಶ ಮಂಡಳದ ಅಧ್ಯಕ್ಷ. ಅವನು ಬಾಗಿಲು ಮುಚ್ಚಿ, ಕಿಟಕಿ ಮುಚ್ಚಿ, ಅಂಗಿಯ ಒಳಜೇಬಿನಿಂದ ಎಲೆ ತೆಗೆದ.

"ಇದೇನಿದು ಭೀಮಶಿ? ಸಂಸಾರಸ್ಥರ ಓಣ್ಯಾಗ ಹಂಚೂದೇನು ಇದನ್ನ? ಮೂರು ದಿನದಿಂದ ನೋಡಾಕತ್ತೇನಿ, ಇಬ್ಬರ ಮೈಮ್ಯಾಲೂ ಒಂದು ಎಳಿ ದಾರ ಇಲ್ಲ!"

"ಮೂರು ದಿನ ಯಾಕ ನೋಡಿದ್ರಿ ಅಣ್ಣಾರ?"

"ಖಾತ್ರಿ ಮಾಡಕೋಬೇಕಲ್ಲೋ! ಅಧ್ಯಕ್ಷ ಅದೇನಿ."

ನೋಡಿದರೆ ಇಬ್ಬರ ಮೈಮೇಲೂ ಬಟ್ಟೆಯಿತ್ತು. ಹೆಣ್ಣಿಗೆ ಬಾಲ್‌ಪೆನ್ನಿನ ಸೀರೆ, ಸೆರಗು ತಲೆಯ ಮೇಲೆ. ಗಂಡಿಗೆ ಲುಂಗಿ. ಮೇಲೆ ರೆಕ್ಕೆ ಬಿಚ್ಚಿ ಹಾರುತ್ತಿದ್ದ ದೇವತೆಗೂ ಬನಿಯನ್.

"ಯಾರು ಉಡಿಸಿದ್ರು?" ಅಪ್ಪಾಸಾಬ ಕೂಗಿದ. ಆಘಾತ ಈಗ ಇಮ್ಮಡಿಯಾಗಿತ್ತು.

"ನಾನ," ಎಂದಳು ಭೀಮಿಬಾಯಿ ಅಡುಗೆಮನೆಯಿಂದ. "ನೀವು ಮಲಗಿದಾಗ ಜೇಬದಾಗಿಂದ ತಗದು ಉಡಿಸಿದೆ. ಎಷ್ಟಂತ ನೋಡತೀರಿ?"

ಹೀಗೆ ಮನೆಯಿಂದ ಮನೆಗೆ. ಎದೆಯಲ್ಲಿ ಮೂರು ಕತ್ತಿಯ ಚಿತ್ರ ಸಿಕ್ಕವಳು ಗಂಡನನ್ನು ಹೃದಯ ಪರೀಕ್ಷೆಗೆ ಕರೆದೊಯ್ದಿದ್ದಳು. ಅವನಿಗೆ ಏನೂ ಇಲ್ಲವೆಂದು ಗೊತ್ತಾಗಿ ಅವಳಿಗೆ ಎರಡನೆಯ ಆಘಾತ. ಕೋಡಿನವನು ಸಿಕ್ಕವಳು ಅವನನ್ನು ಎಮ್ಮೆ ದೇವರೆಂದು ತಿಳಿದು ಹಾಲಿನ ಪಾತ್ರೆಯ ಹಿಂದೆ ಇಟ್ಟಿದ್ದಳು. ಯಾರೂ ಎಲೆ ಕೊಡಲಿಲ್ಲ. ಫೋಟೋಗೆ ಮಾತ್ರ ಒಪ್ಪಿದರು. ಕೆಲವರು ಜೊತೆಗೆ ತಾವೂ ನಿಂತರು.

ಗುರುವಾರ ಹವಾಲ್ದಾರ ಬಂದ. ಓಣಿಯಲ್ಲಿ ಮನೆಮನೆಗೆ ಇಸ್ಪೇಟು ಹಂಚಿದ್ದಾರೆಂದೂ ಒಬ್ಬನು ಮೊಬೈಲು ಹಿಡಿದು ಲೆಕ್ಕ ತೆಗೆದುಕೊಳ್ಳುತ್ತಿದ್ದಾನೆಂದೂ ಯಾರೋ ಹೇಳಿದ್ದರು.

"ಕಿತೆಂ ರೇ ಹೆಂ? ಜುಗಾರ?" ಎಂದು, ಇದೇನು ಜೂಜೇ ಅಂತ ಕೊಂಕಣಿಯಲ್ಲಿ ಕೇಳಿದ.

"ಜುಗಾರ ಅಲ್ಲ ಸಾಹೇಬ್ರ," ಭೀಮಶಿ ಕಟ್ಟನ್ನು ಅವನ ಮುಂದೆ ಹಿಡಿದ. "ಒಂದು ಎಲಿ ತಗೀರಿ, ನೋಡ್ರಿ, ನಿಮಗ ನೀವ ಒಂದು ಪ್ರಶ್ನಿ ಕೇಳಕೊಳ್ರಿ. ಅಷ್ಟ."

ಹವಾಲ್ದಾರ ತೆಗೆದ. ಒಂದು ಮರ. ಮರದ ಬುಡಕ್ಕೆ ಒರಗಿ ಕೈಕಟ್ಟಿ ಕೂತ ಮನುಷ್ಯ. ಮುಂದೆ ಮೂರು ಬಟ್ಟಲು. ಮೋಡದಿಂದ ಒಂದು ಕೈ ಹೊರಬಂದು ನಾಲ್ಕನೆಯ ಬಟ್ಟಲು ಹಿಡಿದಿದೆ. ಹವಾಲ್ದಾರ ಚಿತ್ರವನ್ನು ನೋಡಿದ. ತಾನು ದಿನಾ ಕುರ್ಚಿ ಹಾಕಿ ಕೂರುವ, ಹೊರಠಾಣೆಯ ಎದುರಿನ ಮಾವಿನ ಮರದ ಕಡೆ ನೋಡಿದ. ಮುಖದ ಬಣ್ಣ ಇಳಿಯಿತು.

"ಈ ಚಿತ್ರ ಯಾರು ತೆಗೆದದ್ದು?" ಎಂದ ಈಗ ಕನ್ನಡದಲ್ಲಿ. ಅವನಿಗೆ ಕನ್ನಡ ಬರುತ್ತದೆಂದು ಓಣಿಗೆ ಗೊತ್ತಾದದ್ದು ಅಂದೇ. "ಯಾವ ಹೊತ್ತಿಗೆ ತೆಗೆದರು? ನೋಡು, ಮೂರು ಕಪ್ಪು ಚಹಾ ನನ್ನದಲ್ಲ. ಅಲ್ಲಿ ಬೇರೆಯವರೂ ಕೂರ್‍ತಾರೆ."

ಎಲೆಯನ್ನು ಭೀಮಶಿಯ ಮಡಿಲಿಗೆ ಹಾಕಿ ಹೊರಟು ಹೋದ. ಮತ್ತೆ ಬರಲಿಲ್ಲ. ಮಾವಿನ ಮರದ ಕೆಳಗೆ ಕುರ್ಚಿಯೂ ಕಾಣಲಿಲ್ಲ.

ಶುಕ್ರವಾರ ಸಂಜೆ ನೆಲದ ಮೇಲೆ ನಲವತ್ತೇಳು ಎಲೆ ಹರಡಿ, ಮೊಬೈಲಿನ ಮೂವತ್ತು ಫೋಟೋ ಪಕ್ಕಕ್ಕಿಟ್ಟು, ಜಯಶ್ರೀ ಪುಸ್ತಿಕೆಯ ಪಟ್ಟಿಗೆ ಒಂದೊಂದೇ ಗುರುತು ಹಾಕಿದಳು. ನಂದಾ ಬತ್ತಿ ಹೊಸೆಯುತ್ತ ಎಲ್ಲ ದೇವರನ್ನೂ ಕರೆಯುತ್ತಿದ್ದಳು.

"ಉಳದದ್ದು ಹದಿಮೂರನೇದು," ಎಂದಳು ಜಯಶ್ರೀ.

"ಅದೇನು? ಸಿಂಹ ಅಲ್ಲೇನು? ಸಿಂಹ ಆಗ್ಲಿ ತಾಯಿ..."

ಜಯಶ್ರೀ ಪುಸ್ತಿಕೆ ತಿರುಗಿಸಿ ತೋರಿಸಿದಳು. ಬಿಳಿ ಕುದುರೆಯ ಮೇಲೆ ಕಪ್ಪು ಕವಚ ತೊಟ್ಟು ಬಾವುಟ ಹಿಡಿದು ಬರುತ್ತಿರುವ ಒಂದು ಅಸ್ಥಿಪಂಜರ.

"ಸಾವು," ಎಂದಳು.

ನಂದಾ ಎದ್ದು ಕುಕ್ಕರಿನ ಒಲೆ ಆರಿಸಿ ಬಂದಳು.

"ಬೀಗತಿಗೆ ಸಾವು ಕೊಟ್ಟು ಕಳಿಸೇನಿ," ಎಂದಳು. "ಮ್ಯಾಲೆ ಎಳ್ಳಿನುಂಡಿ ಇಟ್ಟು."

ಯೋಜನೆ ಹೊಳೆದದ್ದು ಭೀಮಶಿಗೆ. ಕಟ್ಟಿನಲ್ಲಿ ಸೂರ್ಯನ ಎಲೆಯಿತ್ತು. ಅದರಲ್ಲೂ ಬಿಳಿ ಕುದುರೆ. ಕುದುರೆಯ ಮೇಲೆ ನಗುವ ಕೂಸು. ಹಿಂದೆ ಸೂರ್ಯಕಾಂತಿ ಹೂವು. ಅದರಲ್ಲೂ ಕುದುರೆ, ಇದರಲ್ಲೂ ಕುದುರೆ. ನಾಳೆ ಹೋಗಿ ನಂದಾ ಮಾತಿಗೆ ಹಚ್ಚಬೇಕು, ಭೀಮಶಿ ಎಲೆ ಬದಲಿಸಬೇಕು. ಆದಿತ್ಯವಾರ ಗುರುಪಾದ ಬಂದು ಓದಿದರೆ ಸೂರ್ಯ.

ಶನಿವಾರ ಬೆಳಿಗ್ಗೆ ಅಭ್ಯಾಸ ಬಿಡದೆ ಒಂದು ಎಲೆ ಎಳೆದ. ಪುಸ್ತಿಕೆಯಲ್ಲಿ ಅದಕ್ಕೆ ಬರೆದ ಪ್ರಶ್ನೆಯನ್ನು ಜಯಶ್ರೀ ಓದಿ ಹೇಳಿದಳು: "ಇವತ್ತು ನೀ ಯಾವ ಮಾತು ಮುಚ್ಚಿಡಾಕತ್ತಿ?"

ಭೀಮಶಿ ಚಹಾದ ಲೋಟ ಕೆಳಗಿಟ್ಟ.

"ಮುಚ್ಚಿಟ್ಟದ್ದು ಮುಚ್ಚೇ ಇರಲಿ," ಎಂದಳು ನಂದಾ. "ನಡೀರಿ, ಬಸ್ಸು ಬರತೈತಿ."

"ಅಪ್ಪಾ," ಜಯಶ್ರೀ ಬಾಗಿಲವರೆಗೆ ಬಂದಳು. "ಅಲ್ಲಿ ಹೋಗಿ ಏನೂ ಮಾತಾಡಬ್ಯಾಡ. ಕೈ ಮುಗೀತೇನಿ."

ವಾಸ್ಕೋದ ಅಂಗಡಿಯಲ್ಲಿ ನಿಜಲಿಂಗಪ್ಪನವರು ಪಾತ್ರೆಗಳ ನಡುವೆ ಕೂತಿದ್ದರು. ಅವರ ಮುಖ ಪಾತ್ರೆಗಿಂತ ಖಾಲಿಯಾಗಿತ್ತು. ಮೇಲೆ ಹೋಗಿರಿ ಎಂದು ಕೈ ಮಾಡಿ, ನಂದಾ ಮೆಟ್ಟಿಲು ಹತ್ತಿದ ಮೇಲೆ ಭೀಮಶಿಯ ತೋಳು ಹಿಡಿದು ಪಿಸುಗುಟ್ಟಿದರು: "ಆ ಎಲ್ಯಾಗ ಇರೂದು ಏನಂತ ನನಗೂ ಕಾಣತೈತಿ. ನಾ ಎಂಟು ದಿನದಿಂದ ಇಲ್ಲೇ ಅಂಗಡ್ಯಾಗ ಉಣಾಕತ್ತೇನಿ. ನೀವು ಸುಮ್ಮನಿರ್ರಿ, ನಾನೂ ಸುಮ್ಮನಿರತೇನಿ."

ಮೇಲೆ ಮುರುಗೆವ್ವ ತಲೆಗೆ ಎರೆದುಕೊಂಡು ಹಣೆತುಂಬ ಭಂಡಾರದ ಅರಿಶಿಣ ಬಳಿದುಕೊಂಡು ಕೂತಿದ್ದಳು. ದಪ್ಪ ಕನ್ನಡಕ ಕಿಟಕಿಯ ಮೇಲಿತ್ತು.

"ಬರ್‍ರಿ ಬರ್‍ರಿ! ನಂದವ್ವಾ, ನಿನ್ನ ಹೆಂಗ ನೆನಸಲಿ? ಬರೇ ವಾಣ ಕೊಡಲಿಲ್ಲ ನೀ. ನನ್ನ ಮನಿದೇವರನ್ನ ಮನಿಗೆ ಕಳಿಸಿದಿ!"

ದೇವರ ಜಗಲಿಯ ನಟ್ಟನಡುವೆ, ಬೆಳ್ಳಿ ಮುಖಗಳ ಮುಂದೆ, ಹದಿಮೂರನೆಯ ಎಲೆ ನಿಂತಿತ್ತು. ಚೆಂಡುಹೂವು, ಊದುಬತ್ತಿ, ಎದುರಿಗೆ ಬಾಳೆಯೆಲೆಯಲ್ಲಿ ಬಿಸಿ ಕಡಬು. ಎಲೆಯ ಮೇಲೆಲ್ಲ ಅರಿಶಿಣ.

"ಮೈಲಾರಲಿಂಗ!" ಎಂದಳು ಮುರುಗೆವ್ವ. "ನೋಡ್ರಿ, ಬಿಳಿ ಕುದುರಿ. ಕೈಯಾಗ ನಿಶಾನಿ. ಕುದುರಿ ಕಾಲಾಗ ಸತ್ತು ಬಿದ್ದಾಂವ ಮಲ್ಲಾಸುರ. ಮುಂದ ಹಳದಿ ಬಟ್ಟಿ ಉಟ್ಟು ಕೈ ಮುಗಕೊಂಡು ನಿಂತಾಂವ ಪೂಜೇರಿ, ಮೈತುಂಬ ಭಂಡಾರ. ನಾವು ಊರು ಬಿಟ್ಟು ಮೂವತ್ತು ವರ್ಷ ಆತು, ಒಮ್ಮೆನೂ ಅವನ ಗುಡ್ಡಕ್ಕ ಹೋಗಾಕ ಆಗಲಿಲ್ಲ. ಅವನ ನಡಕೊಂಡು ಬಂದಾನ. ಅದೂ ನಿಮ್ಮ ಮನಿ ಹಾದೀಲೆ. ಇನ್ನ ಜಯಶ್ರೀನ್ನ ಬ್ಯಾಡ ಅನ್ನಾಕ ನಾ ಯಾರು? ಅಂವ ಈ ಜಗಲಿ ಮ್ಯಾಲೆ ಇರೂತನಕ ಈ ಮಾತು ಇರತೈತಿ. ನಾಳೆ ಅವನ ವಾರ, ನಾಳೇನ ಎಲಿ ಅಡಕಿ ಹಿಡಿಯೂಣು."

ಯಾರೇ ಆದರೂ ಇಲ್ಲಿ ಕಡಬು ತಿಂದು ಮನೆಗೆ ಹೋಗುತ್ತಿದ್ದರು. ನಂದಾ ಹಾಗೆಂದೇ ಭೀಮಶಿಯ ತೊಡೆ ಚಿವುಟಿದಳು. ಆದರೆ ಎರಡು ತಿಂಗಳು ದಿನಾ ತನಗೆ ತಾನೇ ಪ್ರಶ್ನೆ ಕೇಳಿಕೊಂಡ ಮನುಷ್ಯ ಹಾಳಾಗಿರುತ್ತಾನೆ. ನಾಳೆ ಗುರುಪಾದ ಬಂದು ಕೆಳಗಿನ ಅಕ್ಷರ ಓದುತ್ತಾನೆ ಎಂಬ ಹೆದರಿಕೆಯೂ, ಬೆಳಗಿನ ಪ್ರಶ್ನೆಯೂ ಕೂಡಿ ಅವನ ಬಾಯಿ ತಾನಾಗಿ ತೆರೆಯಿತು.

"ಅವ್ವಾರ, ಅದು ಮೈಲಾರಲಿಂಗ ಅಲ್ಲರಿ."

ನಂದಾಳ ಕೈಯಲ್ಲಿದ್ದ ನೀರಿನ ಲೋಟ ಉರುಳಿತು. ಮೆಟ್ಟಿಲ ಮೇಲೆ ಕದ್ದು ಕೇಳುತ್ತಿದ್ದ ನಿಜಲಿಂಗಪ್ಪನವರು ಅಲ್ಲೇ ಕೂತ ಸದ್ದು ಬಂತು.

"ಮತ್ತ ಯಾರು?"

"ಅದರ ಕೆಳಗ ಇಂಗ್ಲಿಷಿನಾಗ ಬರದಾರ್‍ರಿ. ಸಾವು ಅಂತ. ಮುಖಾ ನೋಡ್ರಿ. ಬುರುಡಿ ಐತಿ."

ಮುರುಗೆವ್ವ ಎದ್ದಳು. ಕಿಟಕಿಯಿಂದ ಕನ್ನಡಕ ತೆಗೆದು ಹಾಕಿಕೊಂಡಳು. ಎಲೆಯ ಮುಂದೆ ಕೂತು, ಸೆರಗಿನ ತುದಿಯಿಂದ ಅರಿಶಿಣವನ್ನು ಮೆಲ್ಲಗೆ ಒರೆಸಿದಳು. ನೋಡಿದಳು. ನಂದಾ ಮಗಳ ಮದುವೆ ಮುರಿದು ಬಿದ್ದದ್ದನ್ನೂ, ತಾವು ಸಡಾ ಬಿಟ್ಟು ದೂರದ ವಾಳಪೈಗೆ ಹೋದದ್ದನ್ನೂ, ಅಲ್ಲಿಗೂ ಸುದ್ದಿ ಬಂದದ್ದನ್ನೂ ಒಂದೇ ಉಸಿರಿನಲ್ಲಿ ಕಣ್ಣಮುಂದೆ ಕಂಡಳು.

"ಬುರುಡಿ ಐತಿ ಖರೇ," ಎಂದಳು ಮುರುಗೆವ್ವ.

ಭೀಮಶಿ ಜೇಬಿನಿಂದ ಸೂರ್ಯನ ಎಲೆ ತೆಗೆದು ಮುಂದೆ ಹಿಡಿದ. "ತಪ್ಪಾತ್ರಿ ಅವ್ವಾರ. ನನ್ನ ಹೆಂಡತಿದಲ್ಲ, ನಂದ ತಪ್ಪು. ಅದನ್ನ ಕೊಡ್ರಿ, ಇದನ್ನ ಇಟಗೊಳ್ರಿ. ಇದರಾಗೂ ಬಿಳಿ ಕುದುರಿ ಐತಿ. ಸೂರ್ಯ ಅದಾನ. ಕೂಸು ಐತಿ, ನಗಾಕತ್ತೈತಿ. ಹೂವ ಅದಾವ. ಭಾಳ ಚಲೋ ಎಲಿ. ಪುಸ್ತಕದಾಗ ಇದೇ ಎಲ್ಲಾಕ್ಕಿಂತ ಚಲೋ ಅಂತ ಬರದಾರ."

ಮುರುಗೆವ್ವ ಸೂರ್ಯನ ಎಲೆಯನ್ನು ಕೈಗೆ ತೆಗೆದುಕೊಂಡು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಕೂಸಿಗೆ ಅಂಗಿ ಇಲ್ಲ. ಕುದುರಿಗೆ ಜೀನ ಇಲ್ಲ, ಲಗಾಮ ಇಲ್ಲ. ಹಿಂದ ಹಿಡಕೊಳ್ಳಾಕ ಒಬ್ಬರಿಲ್ಲ. ನಗಾಕತ್ತೈತಿ ಅಂತಿ. ಬಿದ್ದಮ್ಯಾಲೆ?"

"ಅವ್ವಾರ, ಅದು ಸಾವುರಿ..."

"ಕೇಳಿತಪ್ಪಾ, ಕಿವಿ ಅದಾವ. ನನ್ನ ತವರಮನಿ ದೇವರಿಗೆ ಮೂಗೂ ಇದ್ದಿದ್ದಿಲ್ಲ, ಕಣ್ಣೂ ಇದ್ದಿದ್ದಿಲ್ಲ. ನೂರು ವರ್ಷ ತೊಳದು ತೊಳದು ಮುಖಾನ ಸವದಿತ್ತು. ಹಂಗಂತ ಅಂವ ದೇವರಲ್ಲ ಅಂತ ಯಾರೂ ಅನ್ನಲಿಲ್ಲ. ಇಂವ ಎಂಟು ದಿನ ಈ ಮನ್ಯಾಗ ಎಡಿ ಉಂಡಾನ. ಒಬ್ಬರಿಗೂ ಒಂದು ಸೀನು ಬಂದಿಲ್ಲ. ನನ್ನ ಮಣಕಾಲ ನೋವು ಇಳದೈತಿ. ದಿನಾ ಮುಂಜಾನೆ ನಾ ಇಲ್ಲಿ ಕೂತು ನೋಡತೇನಿ. ಅಂವ ಅವಸರ ಮಾಡೂದಿಲ್ಲ, ನಿಂತಲ್ಲೇ ನಿಂತಿರತಾನ. ಸಾವು ಅಂದ್ರ ಸಾವು ಆಗ್ಲಿ. ಬಂದಾಂವ ಉಂಡಾನ, ಇನ್ನ ಹೆಂಗ ಹೊರಗ ಹಾಕಲಿ?"

"ಗುರುಪಾದಪ್ಪ ನಾಳೆ ಬಂದು ಓದಿದ್ರ?" ಎಂದಳು ನಂದಾ, ಇಲ್ಲದ ಧ್ವನಿಯಲ್ಲಿ.

ಮುರುಗೆವ್ವ ಬಟ್ಟಲಿನಿಂದ ಒಂದು ಚಿಟಿಕೆ ಭಂಡಾರ ತೆಗೆದು, ಎಲೆಯ ಕೆಳಗಿನ ಇಂಗ್ಲಿಷ್ ಅಕ್ಷರದ ಮೇಲೆ ಹೆಬ್ಬೆರಳಿನಿಂದ ಒತ್ತಿ ಬಳಿದಳು. ಒಮ್ಮೆ. ಇನ್ನೊಮ್ಮೆ. ಆಮೇಲೆ ಹೆಬ್ಬೆರಳು ಒರೆಸಿಕೊಂಡು, ಸೂರ್ಯನನ್ನು ಭೀಮಶಿಯ ಜೇಬಿನೊಳಗೆ ವಾಪಸು ತುರುಕಿದಳು.

"ತಗೋರಿ ಅವ್ವಾರ," ಭೀಮಶಿ ಮತ್ತೆ ಅದನ್ನು ಹೊರತೆಗೆದ. ಕಣ್ಣಲ್ಲಿ ನೀರು ಬಂದಿತ್ತು. "ಕಡೀಕ ಎರಡೂ ಇಟಗೊಳ್ರಿ."

"ಒಲ್ಲೆ," ಎಂದಳು ಮುರುಗೆವ್ವ.